ಮೂರನೆಯ ಬಾಟಲಿ

ಜೂನ್ ತಿಂಗಳಿಂದ ಅದು ಅಲ್ಲೇ ನಿಂತಿತ್ತು,
ರಸ್ತೆಯಂಚಿನ ಹಲಗೆಯ ಮೇಲೆ, ಎಡದಿಂದ ಮೂರನೆಯದು,
ಚುರ್ಚ್‌ಖೇಲ ಮಾಲೆಗಳ ಕೆಳಗೆ.
ಕುಡಿಯಲಿಕ್ಕಲ್ಲ,
ಓಡುವ ಕಾರುಗಳ ಕಣ್ಣಿಗೆ ಬೀಳಲಿಕ್ಕೆ.
ಕಾಖೇತಿಯಲ್ಲಿ ಮಕ್ಕಳಿಗೂ ಗೊತ್ತು:
ಹೊರಗೆ ನಿಂತದ್ದು ಬೋರ್ಡು,
ಒಳಗೆ ಮಲಗಿದ್ದು ವೈನು.

ಯಾರಾದರೂ ನಿಲ್ಲಿಸಿದರೆ ಏಳುತ್ತೇನೆ,
ಮಂಡಿ ಹಿಡಿದುಕೊಂಡು ಹನ್ನೊಂದು ಮೆಟ್ಟಿಲು ಇಳಿಯುತ್ತೇನೆ.
ಅಲ್ಲಿ ಕುತ್ತಿಗೆಯವರೆಗೆ ನೆಲದಲ್ಲಿ ಹೂತ ಕ್ವೆವ್ರಿಗಳು,
ತುಂಬು ಬಸುರಿಯರಂಥ ಮಣ್ಣಿನ ಹರವಿಗಳು.
ಮುಚ್ಚಳ ಸರಿಸಿದರೆ ಮುಖಕ್ಕೆ ತಣ್ಣನೆಯ ಉಸಿರು.
ಮೇಲೆ ಡಾಂಬರು ಚಪ್ಪಲಿಗೆ ಅಂಟುತ್ತಿದ್ದರೂ
ಕೆಳಗೆ ಇನ್ನೂ ಏಪ್ರಿಲ್.

ಆ ಮಧ್ಯಾಹ್ನ ನಾನು ಕೆಳಗಿದ್ದೆ.
ಬಿಳಿ ಕಾರಿನವನಿಗೆ ಅವಸರ.
ಎರಡು ನೋಟು ಮಡಚಿ ತಕ್ಕಡಿಯ ತಟ್ಟೆಗೆ ಹಾಕಿ
ಮೂರನೆಯದನ್ನೇ ಎತ್ತಿಕೊಂಡು ಹೋದ.
ಹತ್ತಿ ಬರುವಷ್ಟರಲ್ಲಿ ತಿರುವಿನಲ್ಲಿ ಬರೀ ಧೂಳು.
"ಅದಲ್ಲ! ಅದು ಅಲ್ಲವೋ!" ಕೂಗಿದೆ.
ಪಕ್ಕದಂಗಡಿಯ ಲಮಾರಾ ಕಲ್ಲಂಗಡಿ ಬೀಜ ಉಗಿದು ನಕ್ಕಳು:
"ದುಡ್ಡಿಟ್ಟು ಹೋದ ಕಳ್ಳನ ಹಿಂದೆ ಓಡುವವಳು
ನೀನೊಬ್ಬಳೇ ಇರಬೇಕು, ತ್ಸಿಯೂರಿ."
ಆಮೇಲೆ ಅವಳೇ ಅಂದಳು, ದನಿ ತಗ್ಗಿಸಿ:
ಕಪ್ಪಂಗಿ ಹಾಕಿದ್ದ. ಗಡ್ಡ ಬಿಟ್ಟಿದ್ದ.
ನಲವತ್ತನೆಯ ದಿನವೋ ಏನೋ.

ರಾತ್ರಿ ನಿದ್ದೆ ಬರಲಿಲ್ಲ.

ನನಗೆ ಗೊತ್ತಲ್ಲ ಅದರ ಒಳಗು.
ಬಿರಡೆ ಉಗುರಿನಷ್ಟು ಮೇಲೆದ್ದಿದೆ,
ಕತ್ತಿನಗುಂಟ ಇಳಿದ ಗೆರೆ ಹುಣ್ಣಿನ ಹಕ್ಕಳೆಯಂತೆ ಒಣಗಿದೆ.
ಹಗಲು ಹಿಗ್ಗಿ ಹೊರಗೆ ಒತ್ತುವುದು,
ಇರುಳು ಕುಗ್ಗಿ ಗಾಳಿಯನ್ನು ಒಳಗೆಳೆಯುವುದು,
ಹೀಗೆ ಎಪ್ಪತ್ತು ಹಗಲು, ಎಪ್ಪತ್ತು ಇರುಳು.
ಮೊದಲು ಹೋಗುವುದು ಪರಿಮಳ, ಹೇಳದೆ ಕೇಳದೆ.
ಆಮೇಲೆ ಬಣ್ಣ.
ಸಾಪೆರಾವಿ ಎಂದರೆ ನಮ್ಮ ಮಾತಿನಲ್ಲಿ ಬಣ್ಣವೇ;
ಹಲ್ಲನ್ನೂ ಮಾತನ್ನೂ ಕಪ್ಪಾಗಿಸುವ ಆ ಹಣ್ಣು
ಇಟ್ಟಿಗೆ ತೊಳೆದ ನೀರಾಗುತ್ತದೆ.
ಮಾವ ಹೇಳುತ್ತಿದ್ದರು: ಬೆಣ್ಣೆ ಬಿಸಿಲಿಗೆ ಕರಗಿ ದೂರು ಕೊಡುತ್ತದೆ,
ವೈನು ಬಾಯಿ ಮುಚ್ಚಿಕೊಂಡೇ ಕೆಡುತ್ತದೆ.
ವಿಷವೇನಲ್ಲ.
ಬೆಂದದ್ದು. ಅಷ್ಟೆ.

ಅಷ್ಟೆಯೇ?
ಎಲ್ಲೋ ಒಂದು ಉದ್ದನೆಯ ಮೇಜು.
ತಮದಾ ಎದ್ದು ನಿಂತು ಹೋದವನ ಹೆಸರು ಹೇಳುತ್ತಾನೆ,
ಎಲ್ಲರೂ ಏಳುತ್ತಾರೆ.
ರೊಟ್ಟಿಯ ತುಂಡಿನ ಮೇಲೆ ಒಂದು ಹನಿ,
ಅದು ಅವನ ಪಾಲು.
ಬೇಡ ಎನ್ನಲಾರದ ಆ ಬಾಯಿಗೆ
ನನ್ನ ಹಲಗೆಯ ಮೇಲಿನ ಇಡೀ ಬೇಸಿಗೆ.
ಬದುಕಿರುವವರು ಒಂದು ಗುಟುಕಿಗೆ
ಒಬ್ಬರ ಮುಖ ಒಬ್ಬರು ನೋಡುತ್ತಾರೆ.
ಸೂತಕದ ಮನೆಯಲ್ಲಿ ರುಚಿಯ ಮಾತು ಯಾರು ಎತ್ತುತ್ತಾರೆ?
ನುಂಗುತ್ತಾರೆ.

ಬೆಳಿಗ್ಗೆ ಎದ್ದವಳೇ ನಾಲ್ಕನೆಯದನ್ನು ತೆಗೆದೆ,
ಅದರ ಜೊತೆಗೇ ನಿಂತು ಜೊತೆಗೇ ಕಾದದ್ದನ್ನು.
ಬಿರಡೆ ತಾನಾಗಿ ಕೈಗೆ ಬಂತು.
ತಳ ಹಿಡಿದ ಪ್ಲಮ್ ಜಾಮು,
ನೆನೆದು ಒಣಗಿದ ರಟ್ಟು,
ಕೊನೆಗೆ ಗಂಟಲಲ್ಲಿ ಗೀರುವ ಹುಳಿ.
ಉಗುಳಲಿಲ್ಲ. ಅವರು ಉಗುಳಿರಲಾರರು.
ಒಂದು ಲೋಟ ಪೂರ್ತಿ ಕುಡಿದೆ, ನಿಂತುಕೊಂಡೇ,
ಹೆಸರು ಗೊತ್ತಿಲ್ಲದವನಿಗಾಗಿ.
"ಬೆಳ್ಳಂಬೆಳಿಗ್ಗೆಯೇ?" ಅಂದಳು ಲಮಾರಾ.
ಉಳಿದದ್ದನ್ನು ಉಪ್ಪಿನಕಾಯಿಗೆ ಕೇಳಿದಳು, ಕೊಟ್ಟೆ.

ಈಗ ಹಲಗೆಯ ಮೇಲಿರುವುದೆಲ್ಲ ಬೀಟ್‌ರೂಟಿನ ನೀರು.
ಮೂರು ದಿನಕ್ಕೊಮ್ಮೆ ಬದಲಿಸುತ್ತೇನೆ, ನಾತ ಬರುತ್ತದೆ.
ಯಾರಾದರೂ ಎತ್ತಿಕೊಂಡು ಹೋದರೆ
ಮೊದಲ ಗುಟುಕಿಗೇ ನನ್ನನ್ನು ಬಯ್ಯಲಿ, ಬಾಯಿ ತುಂಬ.

ಕೆಳಗೆ, ಹನ್ನೊಂದನೆಯ ಮೆಟ್ಟಿಲ ಪಕ್ಕದಲ್ಲಿ,
ಒದ್ದೆ ಬಟ್ಟೆ ಸುತ್ತಿದ ಬಾಟಲಿಯೊಂದು ಅಡ್ಡ ಮಲಗಿದೆ.
ಅದಕ್ಕೆ ಬೆಲೆ ಬರೆದಿಲ್ಲ.
ಈ ರಸ್ತೆಯಲ್ಲಿ ಬಿಳಿ ಕಾರುಗಳು ಬಹಳ.
ಪ್ರತಿಯೊಂದಕ್ಕೂ ಏಳುತ್ತೇನೆ.